ನಾಲ್ಕನೇ ನಂಬರಿನ ಹ್ಯಾಮರ್

ಮಾರ್ಚ್ ಹದಿನಾಲ್ಕು, ಶನಿವಾರ

ಅಮ್ಮಾ,

ಅಲ್ಲಿ ಬಾಣಂತಿ ಅಕ್ಕನೂ ಕೂಸೂ ಚೆನ್ನಾಗಿದ್ದಾರೆಂದು ತಿಳಿದು ಸಮಾಧಾನವಾಯಿತು. ಇಲ್ಲಿ ನಾವಿಬ್ಬರೂ ಉಣ್ಣುತ್ತಿದ್ದೇವೆ, ಮಲಗುತ್ತಿದ್ದೇವೆ. ಅದಕ್ಕಿಂತ ಹೆಚ್ಚು ಬರೆಯಲು ಕೈ ಬರುತ್ತಿಲ್ಲ. ಅಪ್ಪ ನಿನ್ನ ಹತ್ತಿರ ಇರಲು ಬರುತ್ತಿದ್ದಾನೆ. ಏನಾಯಿತು ಎಂದು ಅವನನ್ನು ಕೇಳಬೇಡ, ನಾನೇ ಹೇಳುತ್ತೇನೆ.

ಅಪ್ಪನ ಕಿವಿ ಹೋಗಿದೆ. ಸ್ವಲ್ಪ ಮಂದ ಎಂದು ನಾವು ಹೇಳಿಕೊಂಡು ಬಂದೆವಲ್ಲ, ಹಾಗಲ್ಲ, ಪೂರ್ತಿ. ಕ್ವಾರಿಯ ಗದ್ದಲದಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುವುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಗಾಳಿಯ ಬಲದಿಂದ ಕಲ್ಲಿಗೆ ಕುಳಿ ಹೊಡೆಯುವ ಹ್ಯಾಮರ್ ಕೆಟ್ಟು ಅಪ್ಪನ ರಿಪೇರಿ ಶೆಡ್ಡಿಗೆ ಬಂದರೆ, ಅಪ್ಪ ಗಾಳಿ ಬಿಟ್ಟು ಓಡಿಸುತ್ತಾನೆ. ಉದ್ದನೆಯ ಸಲಾಕೆಯ ಒಂದು ತುದಿಯನ್ನು ಅದರ ಮೈಗೆ ಒತ್ತಿ, ಇನ್ನೊಂದನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಾನೆ. ಮೊದಲು ಕಿವಿಗೆ ಇಡುತ್ತಿದ್ದ, ಹಲ್ಲಿಗೆ ಯಾವಾಗ ಬಂತೋ ಯಾರೂ ಗಮನಿಸಲಿಲ್ಲ. ಏಟು ತಪ್ಪಿದರೆ ಪಿಸ್ಟನ್ ಹಿಡಿದಿದೆ, ತಡೆದು ತಡೆದು ಬಂದರೆ ವಾಲ್ವಿನಲ್ಲಿ ದೂಳು ಕೂತಿದೆ, ಎಲ್ಲ ಹಲ್ಲಿಗೇ ತಿಳಿಯುತ್ತಿತ್ತು. ಈ ಮುದುಕಪ್ಪನಿಗೆ ಮನೆ ಊಟ ಸಾಲದು, ಕಬ್ಬಿಣವನ್ನೂ ತಿನ್ನುತ್ತಾನೆ ಎಂದು ಅವಸರದಣ್ಣ ನಗಾಡುತ್ತಿದ್ದ. ಅಪ್ಪನ ಜೊತೆ ಇಪ್ಪತ್ತು ವರ್ಷ ದುಡಿದವನು, ಚಹಾ ಆರುವ ಮೊದಲೇ ಕುಡಿದು ನಾಲಿಗೆ ಸುಟ್ಟುಕೊಳ್ಳುವವನು, ಅವನೇ.

ಹೋದ ವಾರ ಅವನ ನಾಲ್ಕನೇ ನಂಬರಿನ ಹ್ಯಾಮರ್ ಬಲ ಕಳೆದುಕೊಂಡಿತು. ಏನು ಮಾರಾಯ, ಇದು ಬಂಡೆ ಕೊರೆಯುತ್ತಿದೆಯೋ ಬೆನ್ನು ತಟ್ಟಿ ಮಲಗಿಸುತ್ತಿದೆಯೋ ಎಂದು ಬೈಯುತ್ತ ತಂದಿಟ್ಟ. ಶೆಡ್ಡಿನಲ್ಲಿ ಓಡಿಸಿದರೆ ಏಟು ಸರಿಯಾಗಿಯೇ ಇತ್ತು. ಆದರೂ ಅಪ್ಪ ಬಿಚ್ಚಿದ. ಮೂರು ದಿನ, ಮೂರು ಸಲ. ನಾನು ಸೀಮೆಎಣ್ಣೆಯಲ್ಲಿ ತೊಳೆದುಕೊಟ್ಟೆ. ಪಿಸ್ಟನ್ ಕನ್ನಡಿಯ ಹಾಗಿತ್ತು, ಎಣ್ಣೆ ಡಬ್ಬಿ ತುಂಬಿತ್ತು. ಎರಡು ಉದ್ದ ಬೋಲ್ಟುಗಳನ್ನು ಅತ್ತ ಒಂದು ಸುತ್ತು, ಇತ್ತ ಒಂದು ಸುತ್ತು, ಸಮನಾಗಿ ಬಿಗಿದ. ಬಂಡೆಯ ಮೇಲೆ ಹೋದರೆ ಮತ್ತೆ ಅದೇ ಪಾಡು. ಶೆಡ್ಡಿನಲ್ಲಿ ಸರಿ, ಬಂಡೆಯ ಮೇಲೆ ಸಪ್ಪೆ ಎಂದರೆ ದೋಷ ಹ್ಯಾಮರಿನದಲ್ಲ, ಕಂಪ್ರೆಸರಿನಿಂದ ಬರುವ ಗಾಳಿ ದಾರಿಯಲ್ಲೇ ಸೋರುತ್ತಿದೆ. ಇದನ್ನು ನನಗೆ ಕಲಿಸಿದವನೇ ಅಪ್ಪ.

ಅವನಿಗೂ ಹೊಳೆಯಿತು. ಹ್ಯಾಮರ್ ನಿಲ್ಲಿಸಿ ಹೋಸ್ ಪೈಪಿನ ಉದ್ದಕ್ಕೂ ನಡೆದ. ಎರಡು ಪೈಪು ಸೇರುವ ಜಾಯಿಂಟು ಕಲ್ಲುಚೂರಿನಡಿ ಹೂತಿತ್ತು. ಅದರ ಪಕ್ಕದಲ್ಲೇ ನಿಂತ, ತಲೆ ಓರೆ ಮಾಡಿದ, ಮುಂದೆ ಹೋದ. ಹತ್ತು ಹೆಜ್ಜೆ ಹಿಂದಿದ್ದ ನನಗೆ ಬುಸ್ ಎನ್ನುವುದು ಚೆನ್ನಾಗಿಯೇ ಕೇಳುತ್ತಿತ್ತು ಅಮ್ಮ.

ನಾನು ಹೇಳಲಿಲ್ಲ. ಹೇಳಬೇಕೆಂದರೆ ಅಷ್ಟು ಜನರ ಎದುರು ಕೂಗಬೇಕಿತ್ತು. ನೀರು ಕೇಳಲೂ ನನಗೆ ನಾಚಿಕೆ, ನಿನಗೆ ಗೊತ್ತು. ಕೂಗಿದ್ದರೆ, ಕೈ ಮಾಡಿ ತೋರಿಸಿದ್ದರೂ, ಪಕ್ಕದಲ್ಲೇ ನಿಂತವನಿಗೆ ಕೇಳಿಸಲಿಲ್ಲ ಎಂದು ಅಪ್ಪನ ಗುಟ್ಟೂ ರಟ್ಟಾಗುತ್ತಿತ್ತು. ಊಟದ ಹೊತ್ತಿಗೆ ಗಾಳಿ ನಿಲ್ಲಿಸುತ್ತಾರೆ, ಆಗ ನಾನೇ ಹೋಗಿ ವಾಷರ್ ಬದಲಿಸಿ ಕ್ಲಿಪ್ಪು ಹಾಕಿ ಬರೋಣ ಎಂದು ಹೊಸ ವಾಷರನ್ನು ಮುಷ್ಟಿಯಲ್ಲಿ ಹಿಡಿದು ಕೂತೆ. ಅವತ್ತು ಅವಸರದಣ್ಣ ಊಟಕ್ಕೆ ಬರಲಿಲ್ಲ. ಇನ್ನೊಂದೇ ಕುಳಿ, ನೀವು ಉಣ್ಣುತ್ತಿರಿ ಎಂದ, ಗಾಳಿ ನಿಲ್ಲಿಸಲಿಲ್ಲ. ಜಾಯಿಂಟು ಕಳಚಿತು. ಪೈಪು ಬೀಸಿ ಅವನ ಮೊಣಕಾಲಿಗೆ ಬಡಿಯಿತು. ಅವನು ಕಿರುಚಿದ್ದು ಕೆಳಗಿನ ರಸ್ತೆಯವರೆಗೂ ಕೇಳಿಸಿತಂತೆ. ಅವನಿಗೆ ಬೆನ್ನು ಕೊಟ್ಟು ಕೂತಿದ್ದ ಅಪ್ಪ ಬುತ್ತಿಡಬ್ಬಿಯ ಮುಚ್ಚಳ ಒರೆಸುತ್ತಲೇ ಇದ್ದ.

ಅವಸರದಣ್ಣನ ಕಾಲು ಮುರಿದಿದೆ, ಜೀವಕ್ಕೆ ಭಯವಿಲ್ಲ. ಅವತ್ತು ಸಂಜೆಯೇ ಅಪ್ಪನ ಕಿವಿಯ ವಿಷಯ ಹೇಗೋ ಮೇಸ್ತ್ರಿಯ ತನಕ ಹೋಯಿತು. ಅವರು ಕೆಟ್ಟವರಲ್ಲ. ಅಣ್ಣ, ಇಷ್ಟು ದಿನ ಮಾಡಿದ್ದು ಸಾಕು, ಇನ್ನು ಮೆಷಿನ್ ಹತ್ತಿರ ಬರಬೇಡಿ ಎಂದು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಅಪ್ಪ ಓದಿ, ಅಂಗೈಯಿಂದ ಒರೆಸಿ, ಮನೆಗೆ ಬಂದ. ಬೇರೆಯವರು ಸಿಗುವ ತನಕ ಶೆಡ್ಡು ನಾನೇ ನೋಡಿಕೊಳ್ಳಬೇಕಂತೆ. ನಿನ್ನೆ ಎರಡು ಹ್ಯಾಮರ್ ಬಿಚ್ಚಿ ಜೋಡಿಸಿದೆ. ತೋಳು ಬಿದ್ದುಹೋಗಿದೆ, ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ.

ಅಪ್ಪನನ್ನು ಹಿಂದಿನಿಂದ ಕರೆಯಬೇಡ. ಬೆಳಕಿನಲ್ಲಿ ಎದುರು ಕೂತು ನಿಧಾನವಾಗಿ ಮಾತಾಡು. ಹೂಂ ಹೂಂ ಎಂದರೆ ಕೇಳಿಸಿಲ್ಲ ಎಂದು ಅರ್ಥ. ಕೂಸನ್ನು ಅವನ ಎದೆಯ ಮೇಲೆ ಮಲಗಿಸು. ಅತ್ತರೆ ಅಲ್ಲಿ ಗೊತ್ತಾಗುತ್ತದೆ.

ದಣಿದಿರುವ ನಿನ್ನ
ಸಣ್ಣ ಮಗಳು

ಇನ್ನೊಂದು ಮಾತು: ಹೇಗೋ ಹೋಯಿತು ಎಂದು ಬರೆದದ್ದು ಸುಳ್ಳು. ಮೇಸ್ತ್ರಿಯ ಬಾಗಿಲು ತಟ್ಟಿ ಹೇಳಿದವಳು ನಾನೇ. ಹೇಳಿದ್ದು ಅವಸರದಣ್ಣ ಎಂದು ಅಪ್ಪ ನಂಬಿದ್ದಾನೆ, ಆಸ್ಪತ್ರೆಯ ಕಡೆ ತಲೆ ಹಾಕಿಲ್ಲ. ಆ ಬುಸ್ ಸದ್ದು ನನಗೆ ಕೇಳಿಸಿತ್ತು ಎನ್ನುವುದೂ ಅವನಿಗೆ ಗೊತ್ತಿಲ್ಲ. ಈ ಪತ್ರವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ, ಬೇಕೆಂದೇ ಅಂಟು ಹಾಕಿಲ್ಲ. ಬಸ್ಸು ಐದು ಗಂಟೆ ಹೊತ್ತು ಓಡುತ್ತದೆ. ಓದದೆ ತಂದುಕೊಟ್ಟಿದ್ದರೆ ನೀನೇ ಓದಿಸು. ಬೈಯುವುದಿದ್ದರೆ ನನ್ನನ್ನು ಬೈಯಲಿ, ಅವಸರದಣ್ಣನಿಗೆ ಒಂದು ಸಾಲು ಬರೆಯಲಿ.