ಸೂಪಿಗೆ ಲೈನಿಂಗ್

ಮಾರ್ಚ್ ೩, ಬೆಳಿಗ್ಗೆ

ಈರುಳ್ಳಿ ಹೆಚ್ಚಿ ಆಯಿತು. ಕಣ್ಣಲ್ಲಿ ನೀರು ಬಂತು. ಅದೊಂದು ಸಮಾಧಾನ — ಕಣ್ಣಿಗಾದರೂ ಈರುಳ್ಳಿಯ ಗುರುತು ಉಳಿದಿದೆ. ಮೂಗಿಗೆ ಇಲ್ಲ. ಹೋದ ತಿಂಗಳ ಜ್ವರ ಬಿಟ್ಟು ಹೋಗುವಾಗ ವಾಸನೆ, ರುಚಿ ಎರಡನ್ನೂ ಗಂಟು ಕಟ್ಟಿಕೊಂಡು ಹೋಯಿತು. ಡಾಕ್ಟರು, "ಬರುತ್ತಮ್ಮ, ನಿಧಾನಕ್ಕೆ ಬರುತ್ತೆ" ಅಂದರು. "ಬರದೇ ಹೋದ್ರೆ?" ಅಂದೆ. ಬರೆದ ಚೀಟಿ ಹರಿದು ಕೈಗಿಟ್ಟರು.

ಇವತ್ತಿನ ರೆಕಾರ್ಡಿಂಗ್‌ಗೆ ಈರುಳ್ಳಿಯೇ ವಿಷಯ. ಭಾನುವಾರ ಒಂದು ರಾಶಿ ಹೆಚ್ಚಿ, ಮೊದಲೇ ಚಿಟಿಕೆ ಉಪ್ಪು ಹಾಕಿ ಹುರಿಯಬೇಕು, ಬೇಗ ಮೆತ್ತಗಾಗುತ್ತದೆ. ಆರಿದ ಮೇಲೆ ಐಸ್ ಟ್ರೇಯ ಗುಳಿಗಳಿಗೆ ತುಂಬಿ ಫ್ರೀಜರಿಗೆ. ಆಮೇಲೆ ವಾರವಿಡೀ ಒಂದೊಂದು ಗಟ್ಟಿ ತೆಗೆದು ಪಾತ್ರೆಗೆ ಹಾಕಿದರೆ ಅರ್ಧ ಅಡುಗೆ ಮುಗಿದ ಹಾಗೆ.

ರೇಡಿಯೊ ಸ್ಟೇಷನ್ ಅಂದರೆ ಬೇಕರಿಯ ಮೇಲಿನ ಒಂದು ಕೋಣೆ. ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದ್ದಾರೆ, ರಸ್ತೆಯ ಸದ್ದು ಒಳಗೆ ಬರದಿರಲಿ ಅಂತ. ಮೆಟ್ಟಿಲು ಹತ್ತುವಾಗ ಮೊದಲೆಲ್ಲ ಬಿಸಿ ಬ್ರೆಡ್ಡಿನ ವಾಸನೆಯೇ ಕೈಹಿಡಿದು ಮೇಲಕ್ಕೆ ಕರೆದುಕೊಂಡು ಹೋಗುತ್ತಿತ್ತು. ಇವತ್ತು ಬರೀ ಮೆಟ್ಟಿಲು.

ಮೈಕ್ ಮುಂದೆ, "ಘಮ್ ಅಂತ ಬರ್ತಿದ್ದ ಹಾಗೇ ಉರಿ ಸಣ್ಣ ಮಾಡ್ಕೊಳ್ಳಿ" ಅಂದೆ. ಘಮ್ ಅನ್ನುವಾಗ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡೆ. ಕಾರ್ಯಕ್ರಮ ನೋಡಿಕೊಳ್ಳುವ ಹುಡುಗಿ — ಯಾವಾಗಲೂ ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡಿರುತ್ತಾಳೆ, ನಾನು ಅವಳನ್ನು ಹೆಡ್‌ಫೋನ್ ಅಂತಲೇ ಕರೆಯುವುದು — ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿದಳು. ಭಾವ ತುಂಬಿ ಮಾತಾಡಿದೆ ಅಂದುಕೊಂಡಳು, ಪಾಪ.

ಅವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ, ಮನೆಯಲ್ಲಿ ಇವರೊಬ್ಬರನ್ನು ಬಿಟ್ಟು. ಮೂಗಿಲ್ಲದವಳ ಮಾತು ಕೇಳಿ ಯಾರು ಒಲೆ ಹಚ್ಚುತ್ತಾರೆ? ಗೊತ್ತಾದರೆ ಈ ಹತ್ತು ನಿಮಿಷವೂ ಹೋಗುತ್ತದೆ. ಆಮೇಲೆ ನನಗೆ ಅಂತ ಏನು ಉಳಿಯುತ್ತದೆ...

ಮಾರ್ಚ್ ೫

ಬೆಳಗಿನ ಜಾವ ಕನಸು. ಯಾವುದೋ ಉದ್ದದ ಮನೆ. ಒಂದೊಂದು ಕೋಣೆಗೆ ಒಂದೊಂದು ವಾಸನೆ. ಮೊದಲನೆಯದರಲ್ಲಿ ನಿಂಬೆ. ಮುಂದಿನದರಲ್ಲಿ ಬೆಣ್ಣೆ ಕರಗುತ್ತಿತ್ತು. ಬಾಗಿಲು ತಳ್ಳಿಕೊಂಡು, ಬರಿಗಾಲಲ್ಲಿ, ಅವಸರವೇ ಇಲ್ಲದೆ ನಡೆಯುತ್ತಿದ್ದೆ. ಕೊನೆಯ ಕೋಣೆಯ ಬಾಗಿಲ ಕೆಳಗಿಂದ ಬೆಳ್ಳುಳ್ಳಿ ಹುರಿದ ವಾಸನೆ ಬರುತ್ತಿತ್ತು. ಕೈ ಹಿಡಿಕೆಯ ಮೇಲಿತ್ತು. ಎಚ್ಚರವಾಯಿತು.

ಬಾಯಲ್ಲಿ ನೀರು. ಎದ್ದು ಅಡುಗೆಮನೆಗೆ ಹೋಗಿ ನಿಜವಾದ ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದೆ. ಏನಿಲ್ಲ. ಸುಣ್ಣದ ಕಲ್ಲು ಹಿಡಿದ ಹಾಗೆ.

ಮಾರ್ಚ್ ೬

ಇವರನ್ನು ನಾಲಿಗೆಯಾಗಿ ನೇಮಕ ಮಾಡಿಕೊಂಡೆ. ಬೇರೆ ದಾರಿ ಇಲ್ಲ. ರೇಡಿಯೊದಲ್ಲಿ ಹೇಳುವ ಮೊದಲು ಪ್ರತಿ ಅಡುಗೆಯನ್ನೂ ಮನೆಯಲ್ಲಿ ಮಾಡಿ ನೋಡುವವಳು ನಾನು. ನೋಡಲು ನಾಲಿಗೆ ಬೇಕಲ್ಲ.

ಆದರೆ ಆ ನಾಲಿಗೆಗೆ ಬರುವುದು ಒಂದೇ ಮಾತು. ಟೊಮೆಟೊ ಸೂಪ್ ಕೊಟ್ಟೆ.

"ಚೆನ್ನಾಗಿದೆ."

ಬೇಕೆಂದೇ ಎರಡು ಚಮಚ ಉಪ್ಪು ಸುರಿದು ಮತ್ತೆ ಕೊಟ್ಟೆ. ಕೆಮ್ಮಿದರು. ನೀರು ಕುಡಿದರು.

"ಚೆನ್ನಾಗಿದೆ. ಸ್ವಲ್ಪ... ಬೇರೆ ತರ ಚೆನ್ನಾಗಿದೆ."

"ರೀ, ನಿಮ್ಮ ದಮ್ಮಯ್ಯ. ಇನ್ಮೇಲೆ ಈ ಮನೇಲಿ ಚೆನ್ನಾಗಿದೆ ಅನ್ನೋ ಮಾತು ಬಂದ್!"

"ಮತ್ತೆ ಏನಂತ ಹೇಳ್ಲೇ? ನಂಗೇನ್ ಗೊತ್ತು ಅಡುಗೆ ಭಾಷೆ? ನಾನು ಟೈಲರ್ರು."

"ಟೈಲರ್ ಭಾಷೇಲೇ ಹೇಳಿ."

ಸಿಟ್ಟಲ್ಲಿ ಅಂದದ್ದು. ಇವರು ನಿಜವೆಂದೇ ಹಿಡಿದರು. ಮತ್ತೊಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಬಟ್ಟೆಯ ಅಂಚು ತಡವುವ ಹಾಗೆ ಬೆರಳು ಉಜ್ಜಿದರು. "ಕಂಕುಳಲ್ಲಿ ಹಿಡೀತಿದೆ ಕಣೇ. ಉಪ್ಪು. ಬಿಚ್ಚಿ ಸಡಿಲ ಮಾಡ್ಬೇಕು."

ಸಡಿಲ ಮಾಡಿದೆ. ಉಪ್ಪಿಲ್ಲದೆ ಬೇಯಿಸಿದ ಟೊಮೆಟೊ ಅಷ್ಟೇ ಸೇರಿಸಿದೆ. "ಹಾಂ. ಈಗ ಕೈ ಎತ್ತಬಹುದು" ಅಂದರು.

ಮಾರ್ಚ್ ೯, ಮಧ್ಯಾಹ್ನ

ಇವರ ಹೊಲಿಗೆ ಮಳಿಗೆ ನಮ್ಮ ಮನೆಯ ಮುಂದಿನ ಕೋಣೆಯೇ. ಮಧ್ಯೆ ಒಂದು ಪರದೆ. ನಾನು ಚಮಚ ಹಿಡಿದು ಪರದೆ ಸರಿಸುತ್ತೇನೆ, ಇವರು ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು ಬಾಯಿ ತೆರೆಯುತ್ತಾರೆ. ಗಿರಾಕಿಗಳಿಗೆ ಪುಕ್ಕಟೆ ನಾಟಕ.

ಖಾರ ಹೆಚ್ಚಾದರೆ "ಕಾಲರ್ ಚುಚ್ತಿದೆ". ಉಪ್ಪು ಸಾಲದಿದ್ದರೆ "ತೋಳು ಉದ್ದ ಆಯ್ತು". ಇವತ್ತಿನ ಪಾಲಕ್ ಸೂಪ್ ಕುಡಿದರು. ಮೆಷಿನ್ನಿನ ಚಕ್ರವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದರು.

"ಹೊಲಿಗೆ ಸರಿ ಇದೆ. ಅಳತೆ ಸರಿ ಇದೆ. ಆದ್ರೆ ಇದಕ್ಕೆ ಲೈನಿಂಗ್ ಇಲ್ಲ."

ಒಂದು ಚಮಚ ಬೆಣ್ಣೆ ಬೆರೆಸಿದೆ. ಕುಡಿದವರ ಮುಖ ನೋಡಿದೆ. ಹುಬ್ಬು ಕೆಳಗಿಳಿದು ಹೆಗಲು ಹಗುರಾಯಿತು. ನನ್ನ ನಾಲಿಗೆ ಕಲ್ಲಾಗಿದ್ದರೂ ಆ ಹೊತ್ತಿಗೆ ಸೂಪಿನ ರುಚಿ ಇಂಥದ್ದು ಅಂತ ನನಗೆ ಗೊತ್ತಾಯಿತು. ಎಷ್ಟು ಚೆಂದ ಅನ್ನಿಸಿತು ಅಂದರೆ, ಚಮಚ ಹಿಡಿದು ಅಲ್ಲೇ ನಿಂತುಬಿಟ್ಟೆ. ಗಿರಾಕಿ ಕೆಮ್ಮಿದ ಮೇಲೆ ಒಳಗೆ ಬಂದೆ.

ಮಾರ್ಚ್ ೧೩

ಆಗಬಾರದ್ದು ಆಯಿತು. ಮೈಕ್ ಮುಂದೆ ಬಾಯಿ ಜಾರಿತು. ಟೊಮೆಟೊ ಅರ್ಧ ಕತ್ತರಿಸಿ ತುರಿಮಣೆಗೆ ಉಜ್ಜಿ, ಸಿಪ್ಪೆ ಕೈಯಲ್ಲೇ ಉಳಿಯುತ್ತೆ, ಮಿಕ್ಸಿ ತೊಳೆಯೋ ಕೆಲಸ ಇಲ್ಲ — ಅಲ್ಲಿಯವರೆಗೆ ಸರಿಯಾಗಿಯೇ ಹೇಳಿದೆ. ಆಮೇಲೆ, "ಕೊನೇಲಿ ಸೂಪಿಗೆ ಲೈನಿಂಗ್ ಕೊಡೋದು ಮರೀಬೇಡಿ" ಅಂದುಬಿಟ್ಟೆ.

ಹೆಡ್‌ಫೋನ್ ಬಿದ್ದು ಬಿದ್ದು ನಕ್ಕಳು, ಕತ್ತರಿಸದೆ ಹಾಗೇ ಪ್ರಸಾರ ಮಾಡಿದಳು. ಸಂಜೆಯಿಂದ ಸ್ಟೇಷನ್ನಿಗೆ ಫೋನಂತೆ. "ಅಕ್ಕಾ, ಲೈನಿಂಗ್ ಅಂದ್ರೆ ಬೆಣ್ಣೇನಾ, ಕೆನೆನಾ?" ಅಂತ ಒಬ್ಬರು. ಇನ್ನೊಬ್ಬರು ಗಂಡಸು, "ನಾನು ಬೇಯಿಸಿದ ಆಲೂಗಡ್ಡೆ ಕಿವುಚಿ ಹಾಕ್ದೆ, ಅದೂ ಲೈನಿಂಗೇ ತಾನೆ?" ಅಂತ. ಹೌದು ಸ್ವಾಮಿ, ಅದೂ ಲೈನಿಂಗೇ.

ಇವರಿಗೆ ಹೇಳಿದೆ. ಕಿವಿ ಕೆಂಪಾಯಿತು. ಖುಷಿ.

ಮಾರ್ಚ್ ೧೮

ಮೂರು ಸಂಗತಿ.

ಒಡೆದ ಹಾಲು ಕುಡಿದೆ. ಗೊತ್ತೇ ಆಗಲಿಲ್ಲ. ಲೋಟ ತೊಳೆಯುವಾಗ ತಳದಲ್ಲಿ ಮೊಸರಿನ ಚೂರು ಕಂಡಿತು. ಹೊಟ್ಟೆಗೇನೂ ಆಗಿಲ್ಲ, ಮನಸ್ಸಿಗೆ ಆಯಿತು.

ಈರುಳ್ಳಿಯ ಸದ್ದು ಕೇಳಲು ಕಲಿಯುತ್ತಿದ್ದೇನೆ. ಹಸಿ ಇರುವಾಗ ಜೋರು ಗಲಾಟೆ. ನೀರು ಆರಿದ ಹಾಗೆ ಪಿಸುಮಾತು. ಬಂಗಾರದ ಬಣ್ಣಕ್ಕೆ ಬರುವ ಹೊತ್ತಿಗೆ ಮಾತು ನಿಂತೇಹೋಗುತ್ತದೆ. ಕಣ್ಣು ಮುಚ್ಚಿಕೊಂಡು ಒಲೆ ಮುಂದೆ ನಿಂತಿದ್ದರೆ ಎಲ್ಲೋ ತೇಲಿಹೋದ ಹಾಗೆ.

ಮೂರನೆಯದು ಬರೆಯಲು ಮನಸ್ಸಿಲ್ಲ. ಹೆಡ್‌ಫೋನ್ ಕುಣಿಯುತ್ತಾ ಬಂದಳು. ತಿಂಗಳ ಕೊನೆಗೆ ಸ್ಟೇಷನ್ನಿನ ಹುಟ್ಟುಹಬ್ಬ. "ಆಂಟಿ, ಕೇಳುಗರು ನಿಮ್ಮ ಅಡುಗೇನ ಮನೇಲಿ ಮಾಡ್ಕೊಂಡ್ ಬರ್ತಾರೆ. ನೀವು ಲೈವಲ್ಲಿ ತಿಂದು ಹೇಗಿದೆ ಅಂತ ಹೇಳ್ಬೇಕು. ಆಗ್ಲೇ ಅನೌನ್ಸ್ ಮಾಡ್ಬಿಟ್ಟಿದೀನಿ!"

ಮಾಡಿಬಿಟ್ಟಿದ್ದಾಳೆ.

ಮಾರ್ಚ್ ೨೧

"ಹೇಳ್ಬಿಡೇ" ಅಂದರು ಇವರು.

"ಹೇಳಿದ್ರೆ ಮುಗೀತು."

ಎರಡು ತೋಳು ಹೊಲಿದರು. ಆಮೇಲೆ ಇವರೇ ಉಪಾಯ ತೆಗೆದರು. ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಮೊದಲು ಇವರು ತಿನ್ನುವುದು, "ಯಜಮಾನರಿಗೂ ರುಚಿ ತೋರಿಸ್ತೀನಿ" ಅಂತ ನಾನು ನಗುವುದು. ಕಾಲರ್ ಮುಟ್ಟಿದರೆ ಖಾರ. ತೋಳು ಜಗ್ಗಿದರೆ ಉಪ್ಪು ಕಡಿಮೆ. ಕಂಕುಳು ಕೆರೆದರೆ ಉಪ್ಪು ಹೆಚ್ಚು. ಎದೆ ಮೇಲೆ ಕೈ ಇಟ್ಟರೆ ಲೈನಿಂಗ್ ಬೇಕು. ಎಲ್ಲ ಸರಿಯಿದ್ದರೆ ಶರ್ಟಿನ ಮೇಲಿನ ಗುಂಡಿ ಹಾಕಿಕೊಳ್ಳುವುದು.

ಅಭ್ಯಾಸ ಮಾಡಿದೆವು. ಕಂಕುಳು ಕೆರೆಯುವಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮದುವೆಯಾದ ಹೊಸದರಲ್ಲಿಯೂ ಇಷ್ಟು ನಕ್ಕಿರಲಿಲ್ಲ.

ಮಾರ್ಚ್ ೨೯

ನಿನ್ನೆ ಸ್ಟೇಷನ್ನಿನ ಹುಟ್ಟುಹಬ್ಬ, ಬಂದು ಬರೆಯಲು ಆಗಲಿಲ್ಲ.

ಕೋಣೆ ತುಂಬ ಜನ. ಕಿಟಕಿಯಿಂದ ಬಿಸಿಲು, ಬಿಸಿಲಲ್ಲಿ ಪಾತ್ರೆಗಳಿಂದೇಳುವ ಹಬೆ. ನಾನು ಬಾಯಲ್ಲಿ ಹೇಳಿದ್ದೆಲ್ಲ ಅಲ್ಲಿ ಡಬ್ಬಿಗಳಲ್ಲಿ ಬಂದು ಕೂತಿತ್ತು. ಕನಸಿನ ಮನೆಗೇ ಬಂದೆನೋ ಅನ್ನಿಸಿತು, ವಾಸನೆಯೊಂದಿರಲಿಲ್ಲ.

ಮೊದಲು ಜಜ್ಜಿ ಹುರಿದ ಆಲೂಗಡ್ಡೆ. ಇವರು ಕಾಲರ್ ಮುಟ್ಟಿದರು. "ಮೆಣಸು ಒಂಚೂರು ಜೋರಾಯ್ತೇನೋ?" ಅಂದೆ. ತಂದವಳು, "ಹೂಂ ಅಕ್ಕ, ಕೈ ಜಾರ್ತು!" ಚಪ್ಪಾಳೆ. ಆಮೇಲೆ ಒಣಗಿದ ಬ್ರೆಡ್ಡಿಗೆ ನೀರು ಚಿಮುಕಿಸಿ, ಮುಚ್ಚಿಟ್ಟು ಮೆತ್ತಗೆ ಮಾಡಿ ಸುತ್ತಿದ ಮೊಟ್ಟೆ ರೋಲ್. ತೋಳು ಜಗ್ಗಿದರು. ಸರಿಯಾಗಿ ಹೇಳಿದೆ. ಮತ್ತೆ ಚಪ್ಪಾಳೆ. ಧೈರ್ಯ ಬಂತು. ನನಗೇ ರುಚಿ ತಿಳಿಯುತ್ತಿದೆ ಅನ್ನುವಷ್ಟು ಧೈರ್ಯ.

ಆಗ ಒಬ್ಬರು ಅಜ್ಜಿ. ಎರಡು ಬಸ್ ಬದಲಾಯಿಸಿ ಬಂದವರು. ಫ್ಲಾಸ್ಕಿಗೆ ಟವೆಲ್ ಸುತ್ತಿ, ಮಗುವಿನ ಹಾಗೆ ಎದೆಗೊತ್ತಿಕೊಂಡಿದ್ದರು. ಬಿಚ್ಚಿ, ಪಾಲಕ್ ಸೂಪ್ ಬಗ್ಗಿಸಿ ಕೊಟ್ಟು, ಕೈ ಕಟ್ಟಿ ನಿಂತರು. ಇವರು ಒಂದು ಚಮಚ ಕುಡಿದರು. ಅಜ್ಜಿಯ ಮುಖ ನೋಡಿದರು. ತುಸು ಹೊತ್ತು ನೋಡಿದರು. ಗುಂಡಿ ಹಾಕಿಕೊಂಡರು.

ನಾನು ಮೈಕಿಗೆ ಬಾಗಿದೆ. "ಅಬ್ಬಾ! ಏನು ಹದ ಅಮ್ಮಾ! ಉಪ್ಪು ಖಾರ ಎಲ್ಲ ತೂಕ ಹಾಕಿದ ಹಾಗಿದೆ!"

ಅಜ್ಜಿ ಕಣ್ಣು ಪಿಳಿಪಿಳಿ ಮಾಡಿದರು. "ಉಪ್ಪೇ ಹಾಕಿಲ್ವಲ್ಲಮ್ಮ. ಬಸ್ ಹತ್ತಿದ್ಮೇಲೆ ನೆನಪಾಯ್ತು. ಇಲ್ಲಿ ಯಾರನ್ನಾದ್ರೂ ಒಂದು ಚಿಟಿಕೆ ಕೇಳೋಣ ಅಂತಿದ್ದೆ, ಅಷ್ಟರಲ್ಲಿ ನನ್ನ ಸರದಿ ಬಂತು."

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮೈಕಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು.

ಹೇಳಿದೆ. ಜ್ವರ, ಮೂಗು, ನಾಲಿಗೆ, ಕಾಲರ್, ಗುಂಡಿ — ಎಲ್ಲ. ಇಷ್ಟು ದಿನ ನೆನಪಿನಿಂದ ಹೇಳಿದ್ದು, ಇವರ ಬಾಯಿಂದ ಹೇಳಿದ್ದು ಅಂತ. ಹೆಡ್‌ಫೋನ್ ಗಾಜಿನ ಆಚೆ ಬಾಯಿಗೆ ಕೈ ಇಟ್ಟುಕೊಂಡಿದ್ದಳು.

ಅಜ್ಜಿ ಹತ್ತಿರ ಬಂದು ನನ್ನ ಮೊಣಕೈ ಹಿಡಿದರು. "ಅಯ್ಯೋ ತಾಯಿ, ಹಾಗಾದ್ರೆ ನೀನು ಊಟ ಹೇಗ್ ಮಾಡ್ತೀಯೇ?"

ಒಬ್ಬರೂ ಕೇಳದಿದ್ದ ಪ್ರಶ್ನೆ. ಅತ್ತುಬಿಟ್ಟೆ. ಲೈವಲ್ಲಿ.

ದಾರಿಯಲ್ಲಿ ಇವರು ಬಾಯಿಬಿಟ್ಟರು. "ಎರಡು ಬಸ್ ಹತ್ತಿ ಬಂದಿದ್ರು ಕಣೇ. ಮುಖ ನೋಡ್ದೆ. ತೋಳು ಜಗ್ಗೋಕೆ ಕೈ ಬರ್ಲಿಲ್ಲ." ಕೋಪ ಬಂತು. ಬಸ್ ಸ್ಟಾಪಿನವರೆಗೆ ಉಳಿಯಿತು. ಇಷ್ಟು ವರ್ಷ ಊಟಕ್ಕೆ ಕೂತಾಗ ಕೂಡ ನನ್ನ ಮುಖ ನೋಡಿಯೇ ಹೇಳುತ್ತಿದ್ದರೇನೋ. ಕೇಳಲಿಲ್ಲ. ಕೈ ಹಿಡಿದುಕೊಂಡು ಬಂದೆ.

ಏಪ್ರಿಲ್ ೧೭

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಹೆಡ್‌ಫೋನ್ ಮನೆಗೇ ಬಂದಳು. ಚಹಾ ಮುಟ್ಟಲಿಲ್ಲ. ಜನ ಬೈದಿಲ್ಲವಂತೆ, ಅಯ್ಯೋ ಪಾಪ ಅಂದವರೇ ಹೆಚ್ಚಂತೆ. ಆದರೆ ನನ್ನನ್ನು ಮುಂದುವರಿಸಲು ಸ್ಟೇಷನ್ ನಡೆಸುವವರು ಒಪ್ಪುತ್ತಿಲ್ಲ. "ಮೂಗು ಸರಿಹೋದ ದಿನ ಒಂದೇ ಒಂದು ಫೋನ್ ಮಾಡಿ ಆಂಟಿ. ಜಾಗ ನಿಮ್ಮದೇ. ನಾನು ಕಾಯ್ತಿರ್ತೀನಿ." ಸದ್ಯಕ್ಕೆ ನನ್ನ ಹತ್ತು ನಿಮಿಷದಲ್ಲಿ ಒಬ್ಬರು ನಾಯಿ ಸಾಕುವುದರ ಬಗ್ಗೆ ಮಾತಾಡುತ್ತಾರಂತೆ. ಮಾತಾಡಲಿ. ನಾಯಿಗಳ ಮೂಗಾದರೂ ಚೆನ್ನಾಗಿರುತ್ತದೆ.

ಅವಳು ಹೋದ ಮೇಲೆ ಇವರು ಪರದೆ ಸರಿಸಿ, "ಇವತ್ತು ನಾನು ಮೊಟ್ಟೆ ಬೇಯಿಸ್ತೀನಿ" ಅಂದರು. ಬೆಂದ ಕೂಡಲೇ ತಣ್ಣೀರಿಗೆ ಹಾಕಬೇಕು, ನಲ್ಲಿ ಕೆಳಗೆ ಹಿಡಿದು ಸುಲಿಯಬೇಕು ಅಂತ ಹೇಳಿಕೊಟ್ಟೆ. ಕೇಳುಗ ಒಬ್ಬನೇ ಆದರೂ ಗಮನ ಕೊಟ್ಟು ಕೇಳಿದರು.

ಏಪ್ರಿಲ್ ೨೬, ಮಧ್ಯಾಹ್ನ

ಸೆಕೆ. ಒಲೆ ಹಚ್ಚಲಿಲ್ಲ. ಸೌತೆಕಾಯಿ, ಮೊಸರು, ಬ್ರೆಡ್ — ಅಷ್ಟೇ ಊಟ. ತಣ್ಣಗಿದೆ, ಗರಿಗರಿ ಇದೆ, ಹಲ್ಲಿಗೆ ಗೊತ್ತಾಗುತ್ತದೆ. ಇನ್ನು ಬರುವುದಿಲ್ಲ ಅಂತಲೇ ಇಟ್ಟುಕೊಳ್ಳೋಣ. ಬೆಳಿಗ್ಗೆ ಎದ್ದಾಗ ಹಾಗೆ ತೀರ್ಮಾನ ಮಾಡಿದೆ. ದಿನಾ ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿಯುವುದು, ದಿನಾ ಸೋಲುವುದು, ಸಾಕು. ಕಣ್ಣಿದೆ, ಕಿವಿ ಇದೆ, ಪರದೆ ಆಚೆ ಒಂದು ನಾಲಿಗೆಯೂ ಇದೆ. ದುಃಖ ಇದೆ. ಇರಲಿ, ಅದೂ ಒಂದು ಮೂಲೆಯಲ್ಲಿ ಕೂತಿರಲಿ.

ನೆಲದ ಮೇಲೆ ಚಾಪೆ ಹಾಸಿ ಬರೆಯುತ್ತಿದ್ದೇನೆ. ಕಿಟಕಿಯ ಬಿಸಿಲು ಕಾಲಿನವರೆಗೆ ಬಂದಿದೆ. ರೆಪ್ಪೆ ಭಾರ. ಮೆಷಿನ್ ಸದ್ದು ಆಗಲೇ ನಿಂತಿದೆ, ಬೀದಿ ಬಾಗಿಲಲ್ಲಿ ಇವರ ನಗು ಕೇಳುತ್ತಿದೆ. ಹಳೇ ಗಿರಾಕಿ ಯಾರೋ ಸಿಕ್ಕಿರಬೇಕು. ಮಾತಿಗೆ ನಿಂತರೆ ಇವರಿಗೆ ಈ ಲೋಕದ ಖಬರೇ ಇರುವುದಿಲ್ಲ.

ಪಕ್ಕದ ಮನೆಯಲ್ಲಿ ಏನೋ ಸೀಯುತ್ತಿದೆ. ತಳ ಹಿಡಿಸಿಕೊಂಡಿದ್ದಾರೆ ಪಾಪ, ಹೋಗಿ ಹೇಳೋಣ ಅಂದರೆ ಏಳಲು ಸೋಮಾರಿತನ. ಅನ್ನ ಸೀದ ವಾಸನೆಯಲ್ಲ ಇದು. ಹಾಲಿನದೂ ಅಲ್ಲ. ಒಣ ವಾಸನೆ, ಹತ್ತಿ ಬಟ್ಟೆ ಸುಟ್ಟ ಹಾಗೆ... ಅಯ್ಯೋ, ಇವರು ಇಸ್ತ್ರಿ ಪೆಟ್ಟಿಗೇನ ಬಟ್ಟೆ ಮೇಲೇ ಬಿಟ್ಟು—