ಹೊಟ್ಟೆತಂಪಿನ ತಗಡು

ದೂಮನ್ ಪಟ್ಟಣ, ಕಾಫಿ ಕ್ಯಾಂಪ್
ಆಗಸ್ಟ್ ೧೮, ಭಾನುವಾರ

ಪ್ರೀತಿಯ ಗಿಗ್ಮಾಯ್,

ನಿನ್ನ ಕೆಮ್ಮು ಹೇಗಿದೆ? ಗಣಿಯೊಳಗೆ ಇಳಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಸಮುದ್ರದ ಗಾಳಿ ಗುಡ್ಡದ ಜನರ ಎದೆಗೆ ಒಗ್ಗುವುದಿಲ್ಲ ಎಂದು ಅಮ್ಮ ಇನ್ನೂ ನಂಬಿದ್ದಾಳೆ. ಮೆಸ್ಸಿನಲ್ಲಿ ದಿನವೂ ಅನ್ನ ತಿಂದು, ಗೆಣಸಿನ ಮುಖವನ್ನೇ ನೋಡದೆ ನಿನ್ನ ಕಾಲಿಗೆ ಬಲ ಎಲ್ಲಿಂದ ಬರಬೇಕು ಎಂಬುದು ಅವಳ ಇನ್ನೊಂದು ಚಿಂತೆ. ಅಮ್ಮ ಚೆನ್ನಾಗಿದ್ದಾಳೆ. ಹಣೆಯ ಮೇಲೆ ಒಂದು ಗಾಯವಿದೆ, ಒಣಗುತ್ತಿದೆ. ನಾನೂ ಚೆನ್ನಾಗಿದ್ದೇನೆ. ಎಡಗೈಯ ಎರಡು ಬೆರಳು ಮಡಚಲು ಬರುವುದಿಲ್ಲ, ಅಷ್ಟೆ. ಬಲಗೈಗೆ ಏನೂ ಆಗಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಫೋನ್ ಮಾಡೋಣವೆಂದರೆ ಟವರ್ ಸುಟ್ಟುಹೋಗಿದೆ. ಸುಡುವುದಕ್ಕೆ ಸ್ವಲ್ಪ ಮುಂಚೆ ನೀನು ಹೇಳಿದ ಮಾತು ಮಾತ್ರ ನನ್ನ ಕಿವಿಯಲ್ಲಿ ಉಳಿದಿದೆ. "ಬರ್ತೀನಿ ಅಕ್ಕಾ. ಆದ್ರೆ ಬರಿಗೈಲಿ ಬರಲ್ಲ." ಆಮೇಲೆ ಲೈನ್ ಹೋಯಿತು. ನಿನ್ನ ಕೈಯಲ್ಲಿ ಏನಿರುತ್ತದೆ ಎಂದು ಕೇಳುವ ಅಗತ್ಯ ನನಗಿರಲಿಲ್ಲ. ಗಣಿಯ ಆ ದ್ವೀಪದಲ್ಲಿ ಬಂದೂಕು ಮಾರುವವರು ಯಾರು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಮಿಶನ್ ಆಸ್ಪತ್ರೆಯ ಗಾಡಿ ಇವತ್ತು ಗಾಯಗೊಂಡವರನ್ನು ವಿಮಾನಕ್ಕೆ ಒಯ್ಯುತ್ತದೆ. ಅದರ ಡ್ರೈವರ್ ಪೌಲುಸ್ ಈ ಪತ್ರ ನಿನಗೆ ಮುಟ್ಟಿಸಲು ಒಪ್ಪಿದ್ದಾನೆ. ನೀನು ಹೊರಡುವ ಮೊದಲು ಇದು ನಿನ್ನ ಕೈಸೇರಲಿ ಎಂಬುದೊಂದೇ ನನ್ನ ಆಸೆ.

ನಮ್ಮೆಲ್ಲರ ಕಿರಿಯ ತಮ್ಮ ಸಿಯೂನೆ ಸತ್ತ ಬಗೆಯನ್ನು ನೀನು ಯಾರ‍್ಯಾರ ಬಾಯಲ್ಲೋ ಕೇಳಿದ್ದೀಯ. ನಾನು ಕಣ್ಣಾರೆ ಕಂಡವಳು. ನಾನು ಕೌನ್ಸಿಲ್ ಕಚೇರಿಯ ಮೇಲಿನ ಕಿಟಕಿಯಲ್ಲಿದ್ದೆ. ರಸ್ತೆಬದಿಯ ಸಣ್ಣ ವ್ಯಾಪಾರಿಗಳಿಗೆಂದು ನಮ್ಮ ವಿಭಾಗ ಹೊಸ ಮಾರ್ಕೆಟ್ ಕಟ್ಟಿಸಿತಲ್ಲ, ನಲ್ಲಿ, ಸೂರು, ಸಿಮೆಂಟಿನ ಮೇಜು ಎಲ್ಲ ಇರುವಂಥದು. ಚೀಟಿ ಎತ್ತಿದಾಗ ಸಿಯೂನೆಗೆ ಬಂದದ್ದು ಕಕ್ಕಸಿನ ಎದುರಿನ ಮೇಜು. "ಅಕ್ಕಾ, ನಿಮ್ಮ ಕೌನ್ಸಿಲ್ ಕೊಟ್ಟಿರೋ ಮೇಜು ಬಹಳ ಚೆನ್ನಾಗಿದೆ. ಗಿರಾಕಿಗಳು ಮೂಗು ಹಿಡ್ಕೊಳ್ಳೋಕೆ ಒಂದು ಕೈ, ತಿನ್ನೋಕೆ ಒಂದು ಕೈ. ದುಡ್ಡು ಕೊಡೋಕೆ ಮೂರನೇ ಕೈ ಎಲ್ಲಿಂದ ತರ್ತಾರೆ?" ಎಂದು ನಕ್ಕ. ಮೇಜು ಬದಲಿಸಿಕೊಡುತ್ತೇನೆ, ಸ್ವಲ್ಪ ತಾಳು ಎಂದೆ. ಅವನು ತಾಳಲಿಲ್ಲ. ಹಳೆಯ ಕೊಡೆಯಡಿಗೆ, ರಸ್ತೆಗೇ ವಾಪಸ್ ಹೋಗಿ ಹಿಟ್ಟಿನ ಉಂಡೆ, ಕುರಿಯ ಪಕ್ಕೆಮಾಂಸ ಕರಿಯತೊಡಗಿದ. ಆ ಶನಿವಾರ ಕೌನ್ಸಿಲ್ಲಿನ ಕಾವಲುಗಾರರು ಬಂದು ಎಣ್ಣೆಯ ಬಾಣಲೆಯನ್ನು ಒದ್ದರು. ಕುದಿಯುವ ಎಣ್ಣೆ ಅವನ ಪಾದದ ಮೇಲೆ ಬಿತ್ತು. ಅವನು ಕೂಗುತ್ತ ಸೌಟು ಬೀಸಿದ. ಬೋಮಾ ಕಬ್ಬಿಣದ ಪೈಪಿನಿಂದ ಅವನ ತಲೆಗೆ ಹೊಡೆದ. ಒಣ ಸೋರೆಬುರುಡೆ ಕಲ್ಲಿಗೆ ಬಿದ್ದಂಥ ಸದ್ದು ಮೇಲಿನ ಮಹಡಿಯವರೆಗೂ ಕೇಳಿಸಿತು. ಬಿದ್ದವನಿಗೆ ಬೋಮಾ ಮತ್ತೆ ಹೊಡೆದ. ನಾನು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಸಿಯೂನೆಯ ಕಣ್ಣು ತೆರೆದೇ ಇತ್ತು, ರಕ್ತ ಎಣ್ಣೆಯೊಂದಿಗೆ ಬೆರೆಯದೆ ಬೇರೆಯಾಗಿ ಹರಿಯುತ್ತಿತ್ತು. ಬೋಮಾ ಮೊರುಗ ಕುಲದವನು, ಚರಂಡಿಯಾಚೆಯವನು. ಚಿಕ್ಕವನಿದ್ದಾಗ ನಮ್ಮಮ್ಮನ ಒಲೆಯ ಗೆಣಸು ಕದ್ದು ತಿಂದವನು. ಜನ ಸುತ್ತುವರಿದಾಗ ಎದೆಯ ಮೇಲಿನ ಸಮವಸ್ತ್ರ ತಟ್ಟಿಕೊಂಡು ಕಿರುಚಿದ: "ಹೊಡೆದಿದ್ದು ಕೌನ್ಸಿಲ್ ಅಂಗಿ ಕಣ್ರೋ, ನಾನಲ್ಲ!"

ಆ ಮಾತೇ ಆಮೇಲಿನದಕ್ಕೆಲ್ಲ ಬೀಜವಾಯಿತೇನೋ. ಕೊಂದದ್ದು ಮೊರುಗದವರೋ ಕೌನ್ಸಿಲ್ಲೋ? ಮೊರುಗದವರು ಕೌನ್ಸಿಲ್ ಎಂದರು. ಕೌನ್ಸಿಲ್ಲಿನವರು ಅದೊಂದು ನೂಕುನುಗ್ಗಲು ಎಂದರು. ನಮ್ಮವರು ಮಚ್ಚು ಮಸೆಯುತ್ತ ಕಾದರು.

ಅದೇ ವಾರ ತಗಡು ಬಂತು. ಮನೆ ಸುಧಾರಣೆಯ ತಗಡು. ಮರ ಮತ್ತು ಮೈದುಡಿಮೆ ಜನರದು, ತಗಡು ಮೊಳೆ ನೀರಿನ ಟ್ಯಾಂಕು ಕೌನ್ಸಿಲ್ಲಿನದು ಎಂಬ ಯೋಜನೆ. ಸಿಯೂನೆ ಬದುಕಿರುವಾಗಲೇ ಮಂಜೂರಾದದ್ದು, ಕಡತದಲ್ಲಿ ನನ್ನದೇ ಸಹಿ. ಪ್ರತಿ ತಗಡಿನ ಮೇಲೂ ಹಸಿರು ಅಕ್ಷರದಲ್ಲಿ "ಗಟ್ಟಿ ಮನೆ, ಗಟ್ಟಿ ಬದುಕು" ಎಂದು ಅಚ್ಚು ಹಾಕಿತ್ತು. ಮೇಲಧಿಕಾರಿ ಫೋನ್ ಮಾಡಿ, "ಲುಡ್ವಿನಾ, ಮೊದಲ ಲಾರಿ ನಿಮ್ಮ ಕ್ಯಾಂಪಿಗೇ ಕಳಿಸೋಣ. ದುಃಖದಲ್ಲಿದ್ದೀರಿ, ಒಂಚೂರು ಸಮಾಧಾನ ಆಗ್ಲಿ" ಎಂದರು. ಮುಖಕ್ಕೆ ಬಳಿದುಕೊಂಡ ಸಾವಿನ ಜೇಡಿ ಇನ್ನೂ ಒಣಗಿರಲಿಲ್ಲ. ಅಮ್ಮನ ಸೋರುವ ಮಾಡಿನಡಿ ಕೂತು ಸರಿ ಎಂದೆ. ಎಲ್ಲ ಕ್ಯಾಂಪಿನಲ್ಲೂ ಹಸ್ತಾಂತರದ ದಿನ ಒಂದು ಹಂದಿ ಸುಡುವುದು ಮೇಯರ್ ಹಾಕಿಕೊಂಡ ಪದ್ಧತಿ. ಹಾಗಾಗಿ ಲಾರಿಯಲ್ಲಿ ಹಂದಿಯೂ ಇತ್ತು. ಲಾರಿಯ ಡ್ರೈವರ್ ಕರಾವಳಿಯವನು. ಚೆಂದ ಕಾಣಲೆಂದು ನಾಲ್ಕು ಮೂಲೆಗೂ ಕಬ್ಬಿನ ಜಲ್ಲೆ, ಹಸಿರೆಲೆ ಕಟ್ಟಿಕೊಂಡು ಬಂದ. ಅವರ ಕಡೆ ಮದುವೆಗೆ ಹಾಗೆ ಕಟ್ಟುತ್ತಾರಂತೆ.

ಹಂದಿ, ಕಬ್ಬು, ಹಸಿರೆಲೆ. ನಮ್ಮ ಕಡೆ ಕೊಂದವರು ಸತ್ತವನ ಮನೆಗೆ ಹೊಟ್ಟೆತಂಪೆಂದು ತರುವುದೂ ಇವನ್ನೇ. ಲಾರಿ ತಿರುವಿನಲ್ಲಿ ಕಂಡದ್ದೇ ತಡ, ಅಳುತ್ತಿದ್ದ ಹೆಂಗಸರು ಒಟ್ಟಿಗೇ ಸುಮ್ಮನಾದರು. ಹಿರಿಯರು ಎದ್ದು ನಿಂತರು. ಕವಾಗೆ ದೊಡ್ಡಪ್ಪ ನನ್ನ ಹತ್ತಿರ ಬಂದು ಕೇಳಿದ. "ಲುಡ್ವಿನಾ, ನೀನು ಅವರ ಆಫೀಸಿನವಳೂ ಹೌದು, ಸತ್ತವನ ಅಕ್ಕನೂ ಹೌದು. ನೀನೇ ಹೇಳು ಮಗಳೇ, ಇದು ಹೊಟ್ಟೆತಂಪಿಗೇನಾ?" ನಾನೆಂದೆ, "ಹೌದು ದೊಡ್ಡಪ್ಪ. ನಿಮ್ಮೆಲ್ಲರ ಹೊಟ್ಟೆ ತಣ್ಣಗಾಗಲಿ ಅಂತಾನೇ."

ಯಾವ ಭಾಷೆಯಲ್ಲಿ ಯೋಚಿಸುತ್ತ ಆ ಮಾತನ್ನಾಡಿದೆ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಎಂಟು ವರ್ಷದವಳಿದ್ದಾಗಲೇ ನನ್ನನ್ನು ಸಿಸ್ಟರುಗಳ ಇಂಗ್ಲಿಷ್ ಶಾಲೆಗೆ ಬಿಟ್ಟರು. ಅಲ್ಲಿ ಸಮಾಧಾನವೆಂದರೆ ಬರೀ ಸಮಾಧಾನ. ಅಪ್ಪ ಬೆಂಕಿಯ ಬಳಿ ಕೂತು ಹೇಳುತ್ತಿದ್ದ ಮಾತನ್ನು ದಿನವೂ ಕೇಳಿ ಬೆಳೆದವನು ನೀನು. ಹೊಟ್ಟೆತಂಪು ಕೊಟ್ಟವನು ಕೊಂದದ್ದನ್ನು ಒಪ್ಪಿಕೊಂಡ ಹಾಗೆ, ಅದನ್ನು ತಿಂದವನು ಆಯುಧ ಕೆಳಗಿಟ್ಟ ಹಾಗೆ. ನಾನೂ ಬಲ್ಲೆ, ಆದರೆ ರಜೆಯಲ್ಲಿ ಬಂದಾಗ ಕೇಳಿದ್ದನ್ನು ಬಲ್ಲ ಹಾಗೆ ಬಲ್ಲೆ. ಲಾರಿಯ ಹಿಂದೆಯೇ ಬಂದ ಮೇಯರ್ ನಗುತ್ತ ಜಲ್ಲೆ ಮುರಿದು ದೊಡ್ಡಪ್ಪನ ಕೈಗಿಟ್ಟರು, ಫೋಟೋ ತೆಗೆಸಿಕೊಂಡರು. ದೊಡ್ಡಪ್ಪ ಕಚ್ಚಿದ. ಆ ಗಳಿಗೆಗೆ ಮೇಯರ್ ತಮಗೇ ತಿಳಿಯದೆ ಕೊಲೆಯನ್ನು ಒಪ್ಪಿಕೊಂಡಾಗಿತ್ತು. ಮಚ್ಚುಗಳು ಹುಲ್ಲಿನ ಮಾಡಿನೊಳಗೆ ಹೋದವು. ಚರಂಡಿಯಾಚೆ ಮೊರುಗದವರು, ಕೊಲೆ ನಮ್ಮ ತಲೆಯಿಂದ ಇಳಿಯಿತು ಎಂದು ಕುಣಿದರು. ಅಮ್ಮನ ಮನೆಗೆ ತಗಡು ಹೊದಿಸಿದರು. ಮೊದಲ ಮಳೆಗೆ ಒಂದು ಹನಿಯೂ ಒಳಗೆ ಬೀಳಲಿಲ್ಲ. ಆದರೂ ಅವಳು ಗೊಣಗಿದಳು. "ಏನು ಸದ್ದು ಕಣೇ ಇದು, ತಲೆ ಮೇಲೆ ಕಲ್ಲು ಎಸೆದ ಹಾಗೆ. ಹುಲ್ಲಾಗಿದ್ರೆ ಸೋರ್ತಿತ್ತು, ಆದ್ರೆ ನಿದ್ದೆ ಬರ್ತಿತ್ತು."

ಎರಡು ವಾರದ ನಂತರ ಅದೇ ಲಾರಿ, ಅದೇ ತಗಡು, ಅದೇ ಹಂದಿ ಕಬ್ಬಿನೊಂದಿಗೆ ಮೊರುಗದವರ ಕಡೆಗೆ ಹೋಯಿತು. ಜೊತೆಗೆ ಅವರ ಹೆಂಗಸರ ದರ್ಜಿ ಅಂಗಡಿಗೆ ಹೊಲಿಗೆ ಯಂತ್ರಗಳು. ಯೋಜನೆಯಲ್ಲಿ ಎರಡನೆಯ ಸರದಿ ಅವರದಾಗಿತ್ತು. ಲಾರಿ ಕಳಿಸಿದ್ದು ನಾನೇ, ಕೆಲಸಕ್ಕೆ ಮರಳಿದ ಮೊದಲ ದಿನ. ಮೊರುಗದವರೂ ಬಡವರೇ, ಅವರ ಮಾಡೂ ಸೋರುತ್ತದೆ ಎಂದು ಯೋಚಿಸಿದ್ದೆ. ಆ ಯೋಚನೆ ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಅದೇ ನನ್ನ ಕಷ್ಟ.

ದೊಡ್ಡಪ್ಪ ಚರಂಡಿಯ ಸೇತುವೆಯ ಮೇಲೆ ನಿಂತು ಅದನ್ನು ನೋಡಿದ. "ಸತ್ತವನ ಮನೆಗೂ ಕಬ್ಬು, ಸಾಯಿಸಿದವನ ಮನೆಗೂ ಕಬ್ಬು! ಏನೇ ಲುಡ್ವಿನಾ, ನಮ್ಮ ಹೆಣಕ್ಕೂ ಅವರ ಕುಣಿತಕ್ಕೂ ನಿಮ್ಮ ಕೌನ್ಸಿಲ್‌ನಲ್ಲಿ ಒಂದೇ ತಟ್ಟೇನಾ?" ಎಂದು ಗಂಟಲು ಹರಿಯುವಂತೆ ಕೂಗಿದ. ಗಂಡಸರು ಬಾಯೊಳಗೆ ಬೆರಳು ತೂರಿಸಿಕೊಂಡು ರಸ್ತೆಯಲ್ಲೇ ಕಾರಿಕೊಂಡರು. ಎರಡು ವಾರದ ಹಿಂದಿನ ಹಂದಿ ಎಲ್ಲಿ ಬರಬೇಕು? ಬರೀ ಪಿತ್ತ ಬಂತು. ಹೊಟ್ಟೆತಂಪನ್ನು ಹೊರಹಾಕಿದೆವು ಎಂದರು. ಯುದ್ಧ ಅಲ್ಲಿಗೇ ಶುರುವಾಯಿತು.

ಗುರುವಾರ ಬೆಳಗ್ಗೆ ಬಿಸಿಲಿತ್ತು. ನಮ್ಮ ಹುಡುಗರು ನಮ್ಮವೇ ಮಾಡುಗಳನ್ನು ಹತ್ತಿ ತಗಡು ಕಿತ್ತರು. ಮಡಚಿ, ತಂತಿ ಕಟ್ಟಿ ಗುರಾಣಿ ಮಾಡಿಕೊಂಡರು. ಅಮ್ಮನ ಮನೆಯ ಮಾಡನ್ನೂ ಬಿಡಲಿಲ್ಲ. ನಾನು ತಗಡಿನ ಒಂದು ಅಂಚನ್ನು ಹಿಡಿದುಕೊಂಡೆ, ಅವರು ಎಳೆದರು, ಅದು ಬೆರಳುಗಳನ್ನು ನರದವರೆಗೆ ಕೊಯ್ದಿತು. ಜಾರಿದ ಇನ್ನೊಂದು ತಗಡು ಅಮ್ಮನ ಹಣೆಗೆ ಬಡಿಯಿತು. ಈ ಗಾಯಗಳು ನಮಗೆ ಶತ್ರುವಿನಿಂದ ಆದವಲ್ಲ ಗಿಗ್ಮಾಯ್, ಅದು ನಿನಗೆ ತಿಳಿದಿರಲಿ. ಚರಂಡಿಯಾಚೆಯೂ ಅದೇ ಕೆಲಸ ನಡೆದಿತ್ತು. ಎರಡು ಕಡೆಯ ಗಂಡಸರು ಎದುರುಬದುರು ನಿಂತಾಗ ಎರಡು ಸಾಲಿನ ಗುರಾಣಿಗಳ ಮೇಲೂ ನಮ್ಮ ಹಸಿರು ಅಕ್ಷರಗಳೇ ಇದ್ದವು. ಗಟ್ಟಿ ಮನೆ, ಗಟ್ಟಿ ಬದುಕು. ನನಗೆ ನಗು ಬಂತು. ಆ ನಗು ನಿಲ್ಲುವ ಮುಂಚೆಯೇ ದೊಡ್ಡಪ್ಪನ ಮಗ ಮತಿಯಾಸ್‌ನ ಬಲಗೈ ಮೊಣಕೈಯಲ್ಲಿ ಕತ್ತರಿಸಿ ಬಿತ್ತು. ಬಿದ್ದ ಕೈ ಮಚ್ಚನ್ನು ಬಿಟ್ಟಿರಲಿಲ್ಲ. ನಮ್ಮವರು ಮಾರ್ಕೆಟ್ಟಿಗೆ ಬೆಂಕಿ ಇಟ್ಟರು, ಆಮೇಲೆ ಮೊರುಗದವರ ದರ್ಜಿ ಅಂಗಡಿಗೆ. ಒಳಗೆ ಯಾರೂ ಇಲ್ಲವೆಂದುಕೊಂಡಿದ್ದರಂತೆ. ಬೋಮಾನ ತಂಗಿ ತೆರೇಜ಼ಿಯಾ ಹೊಲಿಗೆ ಯಂತ್ರವನ್ನು ಉಳಿಸಲು ಒಳಗೆ ಹೋಗಿದ್ದಳು. ಅದನ್ನು ತಬ್ಬಿಕೊಂಡ ಸ್ಥಿತಿಯಲ್ಲೇ ಸಿಕ್ಕಳು. ಬಿಡಿಸಲು ಆಗದೆ ಯಂತ್ರದ ಸಮೇತ ಹೂಳಿದರು.

ನಿನಗೊಂದು ವಿಷಯ ಹೇಳಬೇಕು. ಆ ದಿನ ನಾನೂ ಒಂದು ಕಲ್ಲೆತ್ತಿ ಎಸೆದೆ. ಯಾರಿಗೆ ಬಿತ್ತೆಂದು ನೋಡಲಿಲ್ಲ. ಬಿದ್ದ ಸದ್ದು ಕಿವಿಗೆ ಹಿತವಾಗಿತ್ತು. ಆದ್ದರಿಂದ ನಿನ್ನ ಸಿಟ್ಟು ತಪ್ಪೆಂದು ನಾನು ಬುದ್ಧಿ ಹೇಳಲಾರೆ. ಸಿಯೂನೆಯನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದವನು ನೀನು. ಆದರೆ ತೆರೇಜ಼ಿಯಾ ಕೂಡ ಯಾರದೋ ಬೆನ್ನ ಮೇಲೆ ಹೊಳೆ ದಾಟಿರುತ್ತಾಳಲ್ಲವೇ?

ಈಗ ಪಾದ್ರಿ, ಪೊಲೀಸರು ಸೇತುವೆಯ ಮೇಲೆ ಕೂತಿದ್ದಾರೆ, ಎರಡೂ ಕಡೆಯವರು ಕಾಯುತ್ತಿದ್ದಾರೆ. ಕೌನ್ಸಿಲ್ ವರದಿಯಲ್ಲಿ ಇದು ಎರಡು ಗುಂಪುಗಳ ಹಳೆಯ ವೈರ. ಮಾಡು ಕಿತ್ತುಹೋದ ಮನೆಗಳಿಗೆ ಮತ್ತೆ ತಗಡು ಕೊಡುತ್ತಾರಂತೆ. ಹಂದಿ ಬೇಡ, ಕಬ್ಬು ಬೇಡ, ಮೇಯರ್ ಬರುವುದೂ ಬೇಡ, ಎರಡೂ ಕಡೆಗೆ ಒಂದೇ ದಿನ ಕೊಡಿ ಎಂದು ಬರೆದುಕೊಟ್ಟಿದ್ದೇನೆ. ಬೋಮಾನ ತಾಯಿ ಅಂಗ್ನೇಸ್ ನಿಜವಾದ ಹೊಟ್ಟೆತಂಪಿಗೆ ಸಿದ್ಧಳಿದ್ದಾಳೆ. ಕೊಂದದ್ದು ಅಂಗಿಯಲ್ಲ, ನನ್ನ ಮಗ ಎಂದು ಎಲ್ಲರೆದುರು ಹೇಳುತ್ತಾಳಂತೆ. ಆದರೆ ದೊಡ್ಡಪ್ಪ ಕಚ್ಚಿದ್ದು ಒಮ್ಮೆ ಕೆಟ್ಟಾಗಿದೆ, ಈ ಸಲ ಕಬ್ಬನ್ನು ಕಚ್ಚಬೇಕಾದವನು ಸತ್ತವನ ಅಣ್ಣ. ಅದು ನೀನು. ದೊಡ್ಡಪ್ಪನಿಗೆ ನಂಬಿಕೆಯಿಲ್ಲ. "ಗಿಗ್ಮಾಯ್ ಬಂದು ಕಬ್ಬು ಕಚ್ತಾನಾ? ಅವನ ಗುಂಡು ಕಚ್ಚುತ್ತೆ" ಎನ್ನುತ್ತಾನೆ. ನಮ್ಮ ಹುಡುಗರು ನಿನ್ನ ಬಂದೂಕಿನ ಹೆಸರಲ್ಲಿ ಹಾಡು ಕಟ್ಟಿದ್ದಾರೆ. ಅದನ್ನು ಕೇಳಿ ಮೊರುಗದವರೂ ಬಂದೂಕು ತರಲು ಆಳು ಕಳಿಸಿದ್ದಾರೆ. ಇಲ್ಲಿಯವರೆಗೆ ಮಚ್ಚಿನಲ್ಲಿ ನಡೆದದ್ದು ಇನ್ನು ಮುಂದೆ ಮಚ್ಚಿನಲ್ಲಿ ನಿಲ್ಲುವುದಿಲ್ಲ, ತಗಡು ಗುಂಡನ್ನು ತಡೆಯುವುದಿಲ್ಲ. ಬರಿಗೈಯಲ್ಲಿ ಬರಲು ಆಗದಿದ್ದರೆ ಬರಲೇಬೇಡ. ಇಷ್ಟು ಕೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು. ಅಂದು ದೊಡ್ಡಪ್ಪನಿಗೆ ಹೌದು ಎಂದ ನಾಲಿಗೆ ನನ್ನದೇ. ಆದರೂ ಕೇಳುತ್ತಿದ್ದೇನೆ.

ರಾತ್ರಿ ಪಾಳಿಯಲ್ಲಿ ಎದೆ ಬೆಚ್ಚಗಿಟ್ಟುಕೋ. ಅಪ್ಪನ ನೆರಳು, ಮೇರಿಮಾತೆಯ ಸೆರಗು ನಿನ್ನ ಮೇಲಿರಲಿ. ಪಾಳಿಯ ಗೆಳೆಯರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಕ್ಕ,
ಲುಡ್ವಿನಾ

ತಾ.ಕ.: ಪೌಲುಸ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಾನು ಇದನ್ನು ಬರೆಯುತ್ತ ಕೂತಿದ್ದಾಗ ಅಮ್ಮ ಯಾರಿಗೂ ಹೇಳದೆ ಸೇತುವೆಗೆ ಹೋದಳು. ಆ ಕಡೆಯಿಂದ ಅಂಗ್ನೇಸ್ ಕಬ್ಬು ಹಿಡಿದು ಬಂದು, ಎಲ್ಲರಿಗೂ ಕೇಳುವಂತೆ ಮಗನ ಹೆಸರು ಹೇಳಿದಳು. ಅಮ್ಮ ಜಲ್ಲೆ ಕಸಿದುಕೊಂಡು ಉಳಿದಿರುವ ಹಲ್ಲುಗಳಿಂದಲೇ ಕಚ್ಚಿದಳು. "ಇದು ನನ್ನ ಬಾಯಲ್ಲ, ಗಿಗ್ಮಾಯ್ ಬಾಯಿ. ಹೆತ್ತವಳು ನಾನು, ಅವನ ಬಾಯಿ ನಾನೇ ಮಾಡಿದ್ದು" ಎಂದಳು. "ಹೆಂಗಸು ಕಚ್ಚಿದ ಕಬ್ಬು ಲೆಕ್ಕಕ್ಕಿಲ್ಲ!" ಎಂದು ದೊಡ್ಡಪ್ಪ ಕೂಗಿದ. ಅಮ್ಮ ಜಗಿದ ಸಿಪ್ಪೆಯನ್ನು ಅವನ ಕಾಲ ಮುಂದೆ ಉಗಿದಳು. "ಲೆಕ್ಕಕ್ಕಿಲ್ಲ ಅಂದ್ರೆ ತುಳಿದು ದಾಟು ನೋಡೋಣ." ದೊಡ್ಡಪ್ಪ ದಾಟಲಿಲ್ಲ. ಯಾರೂ ದಾಟಲಿಲ್ಲ. ಸಿಪ್ಪೆ ಈಗಲೂ ಸೇತುವೆಯ ನಡುವೆ ಬಿದ್ದಿದೆ, ಸ್ವಲ್ಪ ರಕ್ತವೂ ಹತ್ತಿದೆ, ಎರಡೂ ಕಡೆಯ ಗಂಡಸರು ಅದನ್ನು ತುಳಿಯದೆ ಸುತ್ತಿಬಳಸಿ ಓಡಾಡುತ್ತಿದ್ದಾರೆ. ಮನೆಗೆ ಬರಲು ನಿನಗೂ ಆ ಸೇತುವೆಯೊಂದೇ ದಾರಿ, ತಮ್ಮಾ.