ನುಂಗಲಾರದವರಿಗೆ

ಮಾರ್ಚ್ ೧೦, ಮಂಗಳವಾರ

ಪ್ರೀತಿಯ ಅಮ್ಮ,

ನಮಸ್ಕಾರ. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು, ಬೈದುಕೋ. ಪೆನ್ನು ಹಿಡಿದರೆ ಕೈ ಓಡುತ್ತಿರಲಿಲ್ಲ. ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದ ಚಿಕ್ಕಪ್ಪ ನಾಳೆ ಊರಿಗೆ ಹೊರಡುತ್ತಾರೆ, ಇದನ್ನು ಅವರ ಕೈಯಲ್ಲೇ ಕೊಡುತ್ತೇನೆ.

ಆಹಾರಶಾಸ್ತ್ರ ಅಂದರೆ ಅಡುಗೆ ಕಲಿಯುವುದು ಅಂತ ಅತ್ತೆ ಇನ್ನೂ ನಗುತ್ತಾರಾ? ಕೊನೆಯ ವರ್ಷವೆಲ್ಲ ನಮಗೆ ಆಸ್ಪತ್ರೆಯ ವಾರ್ಡೇ ಗತಿ. ನನಗೆ ಒಪ್ಪಿಸಿದ್ದು ನಿವೃತ್ತ ಡ್ರೈವರ್ ತಾತನನ್ನು. ಪಾರ್ಶ್ವವಾಯು ಹೊಡೆದು ನುಂಗುವ ಶಕ್ತಿ ಹೋಗಿತ್ತು. ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿಯೇ ಆಹಾರ ಕೊಡಬೇಕಿತ್ತು. ತಾತ ಒಪ್ಪಲಿಲ್ಲ. "ಮೂಗಲ್ಲಿ ಉಣ್ಣೋಕೆ ನಾನೇನು ಆನೆನಾ?" ಎಂದರು. ವಾರ್ಡೆಲ್ಲ ನಕ್ಕಿತು. ನಾನೂ ನಕ್ಕೆ.

ದಿನವೂ ಪಕ್ಕದಲ್ಲಿ ಕೂತು ಗೋಗರೆದೆ. "ನಾಳೆ ನೋಡೋಣ ಮಗಾ" ಎನ್ನುತ್ತಿದ್ದರು. ಅವರು ಒಣಗುವುದನ್ನು ನೋಡಲಾರದೆ, ಒಂದು ಮಧ್ಯಾಹ್ನ ಅವರ ಹೆಂಡತಿ ಯಾರಿಗೂ ಹೇಳದೆ ಹಾಲು ಕುಡಿಸಿದರು. ಹಾಲು ಶ್ವಾಸಕೋಶಕ್ಕೆ ಇಳಿಯಿತು. ಜ್ವರ ಏರಿ, ಅದೇ ವಾರ ತಾತ ಹೋಗಿಬಿಟ್ಟರು. ಅಜ್ಜಿ ನನ್ನ ಕೋಟಿನ ತುದಿ ಹಿಡಿದು, "ಆಸೆಯಿಂದ ಕುಡಿದ್ರು ಕಣಮ್ಮ, ಪೂರ್ತಿ ಕುಡಿದ್ರು" ಎಂದು ಅದನ್ನೇ ಹೇಳುತ್ತಿದ್ದರು.

ಮೊನ್ನೆ ಮೌಖಿಕ ಪರೀಕ್ಷೆಯಲ್ಲಿ ಕೇಳಿದ್ದೂ ಅದನ್ನೇ: ನುಂಗಲಾರದವರಿಗೆ ಏನು ಕೊಡುತ್ತೀಯ, ಹೇಗೆ ಕೊಡುತ್ತೀಯ? ಎಲ್ಲ ಬಾಯಿಪಾಠವಾಗಿತ್ತು. ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ನಮಗೆ ಪಾಠ ಹೇಳುವ ಮೇಡಂ ಹಿಂದೆಯೇ ಬಂದು, "ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ? ಆ ತಾತ ನೆನಪಾದ್ರಾ?" ಎಂದರು. ಹೂಂ ಎಂದೆ. ಪೂರ್ತಿ ನಿಜ ಅದಲ್ಲ.

ಅಪ್ಪನಿಗೆ ನಮಸ್ಕಾರ ತಿಳಿಸು. ತಂಗಿಯನ್ನು ಗದರಬೇಡ. ಎಲ್ಲಿದ್ದರೂ ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ
ದೊಡ್ಡವಳು

ಮತ್ತೊಂದು ಮಾತು: ನೀನು ಫೋನಿಗೆ ಬಾರದಿದ್ದಾಗಲೇ ನನಗೆ ಅನುಮಾನವಿತ್ತು. ಪರೀಕ್ಷೆಯ ಹಿಂದಿನ ದಿನ ತಂಗಿ ಅತ್ತುಕೊಂಡು ಎಲ್ಲ ಹೇಳಿದಳು. ನಿನಗೂ ಪಾರ್ಶ್ವವಾಯು ಹೊಡೆದಿದೆಯಂತೆ. ಗುಟುಕು ನೀರಿಗೂ ಕೆಮ್ಮುತ್ತೀಯಂತೆ. ಡಾಕ್ಟರು ಎಷ್ಟು ಹೇಳಿದರೂ, "ನನ್ನ ಮಗಳು ಪಾಸಾಗಿ ಬಂದು ಹೇಳ್ಲಿ, ಆಗ ನಳಿಗೆ ಹಾಕಿಸ್ಕೋತೀನಿ" ಎಂದು ಹಟ ಹಿಡಿದಿದ್ದೀಯಂತೆ. ಅಮ್ಮ, ನಾನು ಫೇಲಾದೆ. ಮತ್ತೆ ಪರೀಕ್ಷೆ ಮುಂದಿನ ವರ್ಷ. ಶುಕ್ರವಾರದವರೆಗೆ ವಾರ್ಡು ಬಿಡುವಂತಿಲ್ಲ, ಶನಿವಾರ ಬರುತ್ತೇನೆ, ಅಲ್ಲಿಯವರೆಗೂ ಕಾಯಬೇಡ. ಫೇಲಾದವಳ ಮಾತೇ ಕೇಳು. ಹಾಕಿಸಿಕೋ.